ಹೊಸ ಕಾರಿಗೆ ಹೊರಗಿನ ಫಿಟಿಂಗ್: ಯಾವುದಕ್ಕೆ ವಾರಂಟಿ ಹೋಗುತ್ತದೆ, ಯಾವುದಕ್ಕೆ ಹೋಗುವುದಿಲ್ಲ

ಹೊಸ ಕಾರು ಮನೆಗೆ ಬಂದು, ಪೂಜೆ ಮುಗಿದು, ವಾರ ಕಳೆಯುವುದರೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ: "ಬೇಸ್ ಮಾಡೆಲ್ ತಗೊಂಡಿದ್ದೀವಿ. ಹೊರಗಡೆ ಮ್ಯೂಸಿಕ್ ಸಿಸ್ಟಂ, ಅಲಾಯ್, ಫಾಗ್ ಲ್ಯಾಂಪ್ ಹಾಕಿಸಿದ್ರೆ ವಾರಂಟಿ ಹೋಗುತ್ತಾ?" ಶೋರೂಮಿನಲ್ಲಿ ಕೇಳಿದರೆ "ಏನು ಮುಟ್ಟಿದರೂ ಪೂರ್ತಿ ವಾರಂಟಿ ಹೋಗುತ್ತೆ ಸರ್" ಎನ್ನುತ್ತಾರೆ. ಆಕ್ಸೆಸರಿ ಅಂಗಡಿಯಲ್ಲಿ ಕೇಳಿದರೆ "ಏನೂ ಆಗಲ್ಲ, ದಿನಾ ಹತ್ತು ಗಾಡಿ ಮಾಡ್ತೀವಿ" ಎನ್ನುತ್ತಾರೆ. ಇಬ್ಬರ ಮಾತನ್ನೂ ಹಾಗೇ ನಂಬಬೇಡಿ.

ಸಾಮಾನ್ಯವಾಗಿ ರಕ್ಷಣೆ ಕಳೆದುಕೊಳ್ಳುವುದು ಎರಡು: ನೀವು ಬದಲಿಸಿದ ಭಾಗ, ಮತ್ತು ಆ ಬದಲಾವಣೆಯಿಂದಲೇ ಕೆಟ್ಟಿತು ಎಂದು ಕಂಪನಿ ತೋರಿಸಬಹುದಾದ ಭಾಗ. ಫ್ಲೋರ್ ಮ್ಯಾಟ್ ಹಾಕಿಸಿದ ಕಾರಣಕ್ಕೆ ಗೇರ್‌ಬಾಕ್ಸ್ ವಾರಂಟಿ ಹೋಗುವುದಿಲ್ಲ. ಆದರೆ ಹೆಡ್‌ಲೈಟ್ ವೈರ್ ಕತ್ತರಿಸಿ ಜೋಡಿಸಿದ ಗಾಡಿಯಲ್ಲಿ ಮುಂದೆ ಯಾವ ವಿದ್ಯುತ್ ತೊಂದರೆ ಬಂದರೂ ಬೆರಳು ಆ ಜೋಡಣೆಯ ಕಡೆಗೇ ತಿರುಗುತ್ತದೆ.

"ಮಾಡಿಫಿಕೇಶನ್‌ನಿಂದಲೇ ಕೆಟ್ಟಿದೆ ಅಂತ ಕಂಪನಿಯೇ ಸಾಬೀತು ಮಾಡಬೇಕು, ಕಾನೂನೇ ಇದೆ" ಎಂದು ಹೇಳುವ ವಿಡಿಯೊಗಳನ್ನು ನೀವು ನೋಡಿರಬಹುದು. ಅವು ಹೇಳುತ್ತಿರುವುದು ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆಯ ವಿಷಯ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಅದು ಉಪಯೋಗಕ್ಕೆ ಬರುತ್ತದೆ. ಭಾರತದಲ್ಲಿ ವಾರಂಟಿಗೆಂದೇ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಇಲ್ಲಿ ನಡೆಯುವುದು ವಾರಂಟಿ ಪುಸ್ತಕದ ಷರತ್ತು, ಅದರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಆದ್ದರಿಂದ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ನೀವು ಕೂಡಿಟ್ಟ ಕಾಗದ ಮತ್ತು ಫೋಟೊಗಳೇ ಮುಂದೆ ನಿಮ್ಮ ಪರ ಮಾತಾಡಬೇಕು.

ಕೈಯಲ್ಲಿರಬೇಕಾದವು: ವಾರಂಟಿ ಪುಸ್ತಕ (ಓನರ್ಸ್ ಮ್ಯಾನ್ಯುಯಲ್ ಬೇರೆ, ಇದು ಬೇರೆ), ಕಾರಿನ ಇನ್‌ವಾಯ್ಸ್, ಆರ್‌ಸಿ, ವಿಮೆ ಪಾಲಿಸಿ, ಮತ್ತು ವಿದ್ಯುತ್ ಕೆಲಸ ಮಾಡಿಸುವುದಾದರೆ 10 ಆಂಪಿಯರ್‌ವರೆಗೆ ಅಳೆಯುವ ಒಂದು ಮಲ್ಟಿಮೀಟರ್.

1. ಪುಸ್ತಕದಲ್ಲಿ "ಅನ್ವಯಿಸುವುದಿಲ್ಲ" ಎಂಬ ಪುಟ ಹುಡುಕಿ

ಎಷ್ಟು ವರ್ಷ, ಎಷ್ಟು ಕಿಲೊಮೀಟರ್ ಎಂಬುದನ್ನು ಎಲ್ಲರೂ ಓದುತ್ತಾರೆ. ಈಗ ಹಲವು ಕಾರುಗಳಿಗೆ 3 ವರ್ಷ ಅಥವಾ 1 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಎಲೆಕ್ಟ್ರಿಕ್ ಕಾರುಗಳ ದೊಡ್ಡ ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ನೀವು ಓದಬೇಕಾದದ್ದು ಅದರ ನಂತರದ ಪುಟ, ಯಾವುದಕ್ಕೆ ವಾರಂಟಿ ಇಲ್ಲ ಎಂಬ ಪಟ್ಟಿ.

ಅಲ್ಲಿನ ಪದಜೋಡಣೆಯನ್ನು ಗಮನಿಸಿ. "ಮಾರ್ಪಾಡಿನಿಂದ ಉಂಟಾದ ದೋಷಕ್ಕೆ ಅನ್ವಯಿಸದು" ಎಂದಿದ್ದರೆ ಕಾರಣ ಮುಖ್ಯವಾಗುತ್ತದೆ, ನಿಮಗೆ ವಾದಿಸಲು ಜಾಗವಿದೆ. "ಮಾರ್ಪಡಿಸಿದ ವಾಹನಕ್ಕೆ ಅನ್ವಯಿಸದು" ಎಂದಿದ್ದರೆ ಷರತ್ತು ಬಿಗಿ. ಅಂಥ ಗಾಡಿಯಲ್ಲಿ ಹೊರಗಿನ ಕೆಲಸ ಮಾಡಿಸುವ ಮುಂಚೆ ಎರಡು ಸಲ ಯೋಚಿಸಿ. ಆ ಪುಟದ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಟೈರು ಮತ್ತು 12 ವೋಲ್ಟ್ ಬ್ಯಾಟರಿಗೆ ವಾರಂಟಿ ಕೊಡುವುದು ಸಾಮಾನ್ಯವಾಗಿ ಅವುಗಳ ತಯಾರಕರೇ, ಕಾರು ಕಂಪನಿ ಅಲ್ಲ. ಹಾಗೆಯೇ ಎಕ್ಸ್‌ಟೆಂಡೆಡ್ ವಾರಂಟಿ ಎಂದು ಹೆಚ್ಚುವರಿ ಹಣ ಕೊಟ್ಟು ಕೊಳ್ಳುವುದಕ್ಕೆ ಬೇರೆಯೇ ಷರತ್ತುಗಳಿರುತ್ತವೆ. ಅದನ್ನೂ ತರಿಸಿಕೊಂಡು ಓದಿ.

2. ನೀವು ಮಾಡಿಸಬೇಕೆಂದಿರುವ ಕೆಲಸ ಎಷ್ಟು ಆಳಕ್ಕೆ ಇಳಿಯುತ್ತದೆ ನೋಡಿ

ವೈರ್ ಕತ್ತರಿಸದೆ, ಬಾಡಿಗೆ ತೂತು ಕೊರೆಯದೆ, ಎಂಜಿನ್ ಮುಟ್ಟದೆ ಆಗುವ ಕೆಲಸಕ್ಕೆ ಹೆದರಬೇಕಿಲ್ಲ: ಮ್ಯಾಟ್, ಮಡ್ ಫ್ಲ್ಯಾಪ್, ಮೊಬೈಲ್ ಹೋಲ್ಡರ್, 12 ವೋಲ್ಟ್ ಸಾಕೆಟ್ಟಿಗೆ ಚುಚ್ಚುವ ಡ್ಯಾಶ್‌ಕ್ಯಾಮ್. ಇದರಲ್ಲಿ ಸೀಟ್ ಕವರ್ ಮಾತ್ರ ಬೇರೆ ಲೆಕ್ಕ. ಮುಂದಿನ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂದು ಬರೆದ ಚಿಕ್ಕ ಚೀಟಿ ಹೊಲಿದಿದ್ದರೆ ಬ್ಯಾಗ್ ಅಲ್ಲಿಂದಲೇ ಹರಿದು ಹೊರಬರಬೇಕು. ದಪ್ಪ ರೆಕ್ಸಿನ್ ಕವರ್ ಅದನ್ನು ತಡೆದರೆ ಹೋಗುವುದು ವಾರಂಟಿಯಲ್ಲ, ಜೀವ. ಆ ಜಾಗದಲ್ಲಿ ಸುಲಭವಾಗಿ ಬಿಚ್ಚಿಕೊಳ್ಳುವ ಹೊಲಿಗೆ ಇರುವ, ಆ ಸೀಟಿಗೆಂದೇ ಮಾಡಿದ ಕವರ್ ಮಾತ್ರ ಹಾಕಿಸಿ.

ಟೈರು ಮತ್ತು ಅಲಾಯ್: ಟೈರಿನ ಒಟ್ಟು ವ್ಯಾಸ ಮೂಲಕ್ಕಿಂತ 3% ಒಳಗೆ ಇರಲಿ. 185/65 ಆರ್15 ಟೈರಿನ ವ್ಯಾಸ 621.5 ಮಿ.ಮೀ. 195/65 ಆರ್15 ಹಾಕಿದರೆ 634.5, ಅಂದರೆ ಸುಮಾರು 2.1% ಹೆಚ್ಚು. 205/55 ಆರ್16 ಹಾಕಿದರೆ ಸುಮಾರು 632, ಅಂದರೆ 1.7% ಹೆಚ್ಚು. 195/60 ಆರ್16 ಎಂದರೆ 640 ದಾಟಿ 3% ಅಂಚಿಗೇ ಬಂತು. ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರು ಹೊರಬಹುದಾದ ಭಾರದ ಸಂಖ್ಯೆ, ಮೂಲಕ್ಕಿಂತ ಕಡಿಮೆ ಆಗಕೂಡದು. 88 ಎಂದರೆ 560 ಕೆ.ಜಿ., 91 ಎಂದರೆ 615 ಕೆ.ಜಿ. ರಿಮ್ಮಿನಲ್ಲಿ ಬೋಲ್ಟುಗಳ ವೃತ್ತದ ಅಳತೆ, ಹಬ್ಬಿನ ನಡು ತೂತಿನ ಅಳತೆ ಮತ್ತು ಆಫ್‌ಸೆಟ್ ಮೂರೂ ಹೊಂದಬೇಕು. ಆಫ್‌ಸೆಟ್ ಎಂದರೆ ರಿಮ್ಮಿನ ನಟ್ಟನಡುವಿನಿಂದ ಬೋಲ್ಟ್ ಕೂರುವ ಮುಖ ಎಷ್ಟು ದೂರ ಎಂಬುದು. ಅದು ತಪ್ಪಿದರೆ ಚಕ್ರ ಹೊರಗೆ ಚಾಚಿಕೊಂಡು ವೀಲ್ ಬೇರಿಂಗ್ ಬೇಗ ಗುಂಯ್‌ಗುಡುತ್ತದೆ. ಬೇರಿಂಗ್, ಶಾಕ್ ಅಬ್ಸಾರ್ಬರ್, ಸ್ಟೀರಿಂಗ್ ಜಾಯಿಂಟುಗಳ ಕ್ಲೇಮ್ ತಿರಸ್ಕಾರವಾಗುವುದು ಇಲ್ಲಿಯೇ.

ಎಂಜಿನ್: ಇಸಿಯು ರಿಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ತಂತ್ರಾಂಶ ಬದಲಿಸಿ ಶಕ್ತಿ ಹೆಚ್ಚಿಸುವುದು, ವಾರಂಟಿ ಇರುವಷ್ಟು ದಿನ ಬೇಡವೇ ಬೇಡ. "ಸರ್ವೀಸಿಗೆ ಮೊದಲು ಹಳೆಯದಕ್ಕೇ ವಾಪಸ್ ಹಾಕಿಕೊಡ್ತೀವಿ, ಗೊತ್ತಾಗಲ್ಲ" ಎನ್ನುವ ಮಾತನ್ನು ನಂಬಬೇಡಿ. ಎಷ್ಟು ಸಲ ತಂತ್ರಾಂಶ ಬರೆಯಲಾಗಿದೆ ಎಂಬ ಲೆಕ್ಕ ಅನೇಕ ಇಸಿಯುಗಳಲ್ಲಿ ಉಳಿಯುತ್ತದೆ, ಹಳೆಯದನ್ನು ವಾಪಸ್ ಬರೆದರೂ ಆ ಲೆಕ್ಕ ಒಂದು ಹೆಚ್ಚುತ್ತದೆ. ಟರ್ಬೊ, ಕ್ಲಚ್, ಗೇರ್‌ಬಾಕ್ಸ್ ಮೂರರ ಕ್ಲೇಮೂ ಒಟ್ಟಿಗೆ ಬೀಳುತ್ತದೆ. ಎಣ್ಣೆ ಸವರಿದ ಹತ್ತಿ ಏರ್ ಫಿಲ್ಟರ್ ಚಿಕ್ಕ ಬದಲಾವಣೆ ಅನಿಸುತ್ತದೆ, ಆದರೆ ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿನ ಸೂಕ್ಷ್ಮ ತಂತಿಗೆ ಅಂಟಿ ಅದನ್ನು ಕೆಡಿಸುತ್ತದೆ. ಸೈಲೆನ್ಸರ್ ಬದಲಿಸುವಾಗ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿದರೆ ವಾರಂಟಿಯ ಜೊತೆ ಕಾನೂನೂ ಎದುರಾಗುತ್ತದೆ.

ಹೊರಗಿನ ಸಿಎನ್‌ಜಿ ಕಿಟ್ ಕೂಡ ಎಂಜಿನ್ ಕೆಲಸವೇ. ಹೊಸ ಪೆಟ್ರೋಲ್ ಕಾರಿಗೆ ಹಾಕಿಸಿದರೆ ಎಂಜಿನ್ ಮತ್ತು ಇಂಧನ ವ್ಯವಸ್ಥೆಯ ವಾರಂಟಿಯನ್ನು ಬಹುತೇಕ ಕಂಪನಿಗಳು ಒಪ್ಪುವುದಿಲ್ಲ. ಸಿಎನ್‌ಜಿ ಬೇಕೇ ಬೇಕೆಂದರೆ ಕಾರ್ಖಾನೆಯಿಂದಲೇ ಸಿಎನ್‌ಜಿ ಬಂದ ಮಾಡೆಲ್ ಕೊಳ್ಳಿ.

ಮುಂಭಾಗದಲ್ಲಿ ರಾಡಾರ್, ಗಾಜಿನ ಹಿಂದೆ ಕ್ಯಾಮೆರಾ ಇರುವ ಎಡಿಎಎಸ್ (ಚಾಲಕರಿಗೆ ನೆರವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಕಾರು ನಿಮ್ಮದಾದರೆ ಗ್ರಿಲ್ ಬದಲಿಸುವುದು, ಬಂಪರಿಗೆ ಗಾರ್ಡ್ ಕಟ್ಟುವುದು, ಗಾಡಿಯ ಎತ್ತರ ಏರಿಸಿ ಇಳಿಸುವುದು ಬೇಡ. ಎತ್ತರ ಬದಲಾದರೆ ಕ್ಯಾಮೆರಾ ರಸ್ತೆಯನ್ನು ನೋಡುವ ಕೋನವೇ ಬದಲಾಗುತ್ತದೆ.

3. ವಿದ್ಯುತ್ ಕೆಲಸ: ಹೆಚ್ಚು ಜನ ಎಡವುವುದು ಇಲ್ಲೇ

ಹ್ಯಾಲೊಜೆನ್ ಹೆಡ್‌ಲೈಟಿನ ಎಚ್4 ಬಲ್ಬ್ 60/55 ವ್ಯಾಟ್ ಇರುತ್ತದೆ. "ಬೆಳಕು ಸಾಲದು" ಎಂದು 100/90 ವ್ಯಾಟಿನದು ಹಾಕಿಸುತ್ತಾರೆ. ಲೆಕ್ಕ ಮಾಡಿ: 60 ವ್ಯಾಟಿಗೆ 12 ವೋಲ್ಟಿನಲ್ಲಿ 5 ಆಂಪಿಯರ್, 100 ವ್ಯಾಟಿಗೆ 8.3 ಆಂಪಿಯರ್. ಕರೆಂಟ್ ಹೆಚ್ಚಿದ್ದು 1.67 ಪಟ್ಟು, ಆದರೆ ಕನೆಕ್ಟರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಸುಮಾರು 2.8 ಪಟ್ಟಾಗುತ್ತದೆ. ಕೆಲವು ತಿಂಗಳ ಮೇಲೆ ಬಲ್ಬಿನ ಹೋಲ್ಡರ್ ಎಳೆದು ನೋಡಿದರೆ ಬಿಳಿ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಬಿಸ್ಕತ್ ಬಣ್ಣಕ್ಕೆ ತಿರುಗಿರುತ್ತದೆ, ಒಳಗಿನ ಹಿತ್ತಾಳೆ ಪಟ್ಟಿ ಕಪ್ಪಾಗಿ ಹಿಡಿತ ಸಡಿಲಿಸಿರುತ್ತದೆ, ವೈರಿನ ಮೇಲುಹೊದಿಕೆ ಬಗ್ಗಿಸಿದರೆ ಸಿಡಿಯುತ್ತದೆ. ಸರ್ವೀಸ್ ಅಡ್ವೈಸರ್ ಫೋಟೊ ತೆಗೆದು ಕ್ಲೇಮಿನ ಜೊತೆ ಕಂಪನಿಗೆ ಕಳಿಸುವುದು ಇದನ್ನೇ. ಫೋಟೊ ನೋಡಿದ ಮೇಲೆ ಆ ಹಾರ್ನೆಸ್, ಅಂದರೆ ವೈರುಗಳ ಕಟ್ಟು, ವಾರಂಟಿಯಲ್ಲಿ ಬದಲಾಗುವುದಿಲ್ಲ.

ಇದಕ್ಕಿಂತ ಅಪಾಯದ್ದು ಫ್ಯೂಸ್ ದೊಡ್ಡದು ಮಾಡುವುದು. 10 ಆಂಪಿಯರ್ ಫ್ಯೂಸ್ ಪದೇಪದೇ ಹೋಗುತ್ತಿದೆ ಎಂದು 20ರದು ಹಾಕಿದರೆ, ಫ್ಯೂಸ್ ಸುಡಬೇಕಾದ ಕಡೆ ವೈರ್ ಸುಡುತ್ತದೆ.

ಮೂಲ ಬಲ್ಬನ್ನೇ ಇಟ್ಟುಕೊಂಡು ಬೆಳಕು ಸುಧಾರಿಸಬೇಕೆಂದರೆ ರಿಲೇ ಕಿಟ್ ಬಗ್ಗೆ ಕೇಳಿ. ರಿಲೇ ಎಂದರೆ ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ತೆರೆದು ಮುಚ್ಚುವ ಸ್ವಿಚ್. ಬ್ಯಾಟರಿಯಿಂದ ನೇರ ವೈರ್, ಮಧ್ಯೆ ಫ್ಯೂಸ್, ಹೆಡ್‌ಲೈಟಿಗೆ ಕಪ್ಲರ್, ಅಂದರೆ ವೈರ್ ಕತ್ತರಿಸದೆ ಚುಚ್ಚಿ ಕೂರಿಸುವ ಜೋಡಣೆ. ಕಾರಿನ ಮೂಲ ವೈರಿಗೆ ಕತ್ತರಿ ಬೀಳದು. ಆದರೂ ಇದು ಹೊರಗಿನ ಫಿಟಿಂಗೇ. ಹೆಡ್‌ಲೈಟನ್ನು ಕಂಪ್ಯೂಟರೇ ನಿಯಂತ್ರಿಸುವ ಇತ್ತೀಚಿನ ಕಾರುಗಳಲ್ಲಿ ದೀಪ ಮಿಣುಕುವುದು, ಬಲ್ಬ್ ದೋಷದ ಎಚ್ಚರಿಕೆ ಬರುವುದು ಇದೆ. ಹ್ಯಾಲೊಜೆನ್ ಹೌಸಿಂಗಿಗೆ ಎಲ್‌ಇಡಿ ಬಲ್ಬ್ ತುರುಕುವುದಂತೂ ಎದುರಿನವರ ಕಣ್ಣು ಕುಕ್ಕುವ ಕೆಲಸ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಇಂಥ ದೀಪಗಳ ಮೇಲೆ ರಾಜ್ಯದಾದ್ಯಂತ ಪ್ರಕರಣ ಹಾಕಲು ಶುರುಮಾಡಿದರು.

ಮ್ಯೂಸಿಕ್ ಸಿಸ್ಟಂ, ರಿವರ್ಸ್ ಕ್ಯಾಮೆರಾ ಹಾಕಿಸುವಾಗ ಅಂಗಡಿಯವರಿಗೆ ಮೊದಲೇ ಹೇಳಿ: "ನನ್ನ ಕಾರಿನ ಮಾಡೆಲ್ಲಿಗೆ ಕಪ್ಲರ್ ಇದ್ದರೆ ಮಾತ್ರ ಕೆಲಸ, ವೈರ್ ಕತ್ತರಿಸಿ ಟೇಪ್ ಸುತ್ತುವುದಾದರೆ ಬೇಡ." ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೆಚ್ಚು ಓಡುವ ಮಾಡೆಲ್‌ಗಳಿಗೆ ಇಂಥ ಕಪ್ಲರ್ ಸಿಗುತ್ತದೆ. ಇಲ್ಲ ಎಂದರೆ ತರಿಸಿಕೊಡಿ ಎನ್ನಿ, ಒಂದು ವಾರ ಕಾಯಿರಿ.

ಡ್ಯಾಶ್‌ಕ್ಯಾಮನ್ನು ಫ್ಯೂಸ್ ಬಾಕ್ಸಿನಿಂದ ಕೊಡಿಸುವುದಾದರೆ ಫ್ಯೂಸ್ ಟ್ಯಾಪ್ ಬಳಸಿ: ಮೂಲ ಫ್ಯೂಸ್ ಅದರಲ್ಲೇ ಕೂರುತ್ತದೆ, ಪಕ್ಕದಲ್ಲಿ ಕ್ಯಾಮೆರಾಗೆ 2 ಅಥವಾ 3 ಆಂಪಿಯರಿನ ಇನ್ನೊಂದು. ಏರ್‌ಬ್ಯಾಗ್, ಎಬಿಎಸ್, ಇಸಿಯು ಎಂದು ಬರೆದಿರುವ ಫ್ಯೂಸುಗಳಿಗೆ ಕೈಹಾಕಕೂಡದು.

ಕೆಲಸ ಮುಗಿದ ಮೇಲೆ, ಗಾಡಿ ನಿಂತಿರುವಾಗ ಬ್ಯಾಟರಿಯಿಂದ ಎಷ್ಟು ಕರೆಂಟ್ ಸೋರುತ್ತಿದೆ ಎಂದು ಅಳೆಸಿ. ಗಾಡಿ ಲಾಕ್ ಮಾಡಿ 30ರಿಂದ 40 ನಿಮಿಷ ಬಿಡಿ, ಒಳಗಿನ ಕಂಪ್ಯೂಟರುಗಳು ನಿದ್ದೆಗೆ ಹೋಗಲಿ. ಆಮೇಲೆ ಬ್ಯಾಟರಿಯ ನೆಗೆಟಿವ್ ತುದಿ ಮತ್ತು ಅದರ ಕೇಬಲ್ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಸೇರಿಸಿ ನೋಡಿ. ಕೇಬಲ್ ಬಿಚ್ಚಿದ ಕ್ಷಣ ಕಂಪ್ಯೂಟರುಗಳು ಮತ್ತೆ ಎಚ್ಚರವಾಗುವುದರಿಂದ ಮೀಟರ್ ಸೇರಿಸಿದ ಮೇಲೂ ಅಷ್ಟೇ ಹೊತ್ತು ಕಾಯಿರಿ. 50 ಮಿಲಿ ಆಂಪಿಯರ್ ಒಳಗಿದ್ದರೆ ಸರಿ. 300 ಬಂದರೆ ದಿನಕ್ಕೆ 7.2 ಆಂಪಿಯರ್-ಗಂಟೆ ಸೋರುತ್ತಿದೆ ಎಂದು ಅರ್ಥ. 35 ಆಂಪಿಯರ್-ಗಂಟೆಯ ಬ್ಯಾಟರಿ ಎರಡೂವರೆ ದಿನಕ್ಕೆ ಅರ್ಧ ಖಾಲಿ. ಊರಿಗೆ ಹೋಗಿ ಬರುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಬ್ಯಾಟರಿ ಕ್ಲೇಮೂ ಬೀಳುತ್ತದೆ. ಮೀಟರ್ ಸೇರಿಸಿರುವಾಗ ಕೀ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನಲ್ಲಿ ಇದನ್ನು ನೀವಾಗಿ ಮಾಡಬೇಡಿ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಹೈವೋಲ್ಟೇಜ್.

4. ಶೋರೂಮಿನ ಬಿಲ್ಲಿನಲ್ಲಿ ಏನು ಬರೆದಿದೆ ನೋಡಿ

"ಶೋರೂಮಿನಲ್ಲೇ ಹಾಕಿಸಿದ್ದು, ಹಾಗಾಗಿ ವಾರಂಟಿ ಇದೆ" ಎಂಬ ನಂಬಿಕೆಯಿಂದ ಮೋಸಹೋದವರು ಬಹಳ. ಡೀಲರ್ ಮಾರುವ ಸಾಮಾನುಗಳಲ್ಲಿ ಎರಡು ಬಗೆ. ಕಾರು ಕಂಪನಿಯ ಜೆನ್ಯುಯಿನ್ ಆಕ್ಸೆಸರಿಗೆ ಕಂಪನಿಯ ಪಾರ್ಟ್ ನಂಬರ್ ಇರುತ್ತದೆ, ಅದಕ್ಕೆ ಅದರದ್ದೇ ವಾರಂಟಿ ಅವಧಿಯೂ ಇರುತ್ತದೆ. ಇನ್ನೊಂದು, ಡೀಲರ್ ಹೊರಗಿನಿಂದ ತರಿಸಿ ಹಾಕುವುದು. ಬಿಲ್ಲಿನಲ್ಲಿ "ಆಕ್ಸೆಸರಿ ಪ್ಯಾಕೇಜ್ 1 ನಗ" ಎಂದು ಒಂದೇ ಸಾಲು, ಮುಂದೆ ಒಂದು ದೊಡ್ಡ ಮೊತ್ತ. ನಾಳೆ ಆ ಪ್ಯಾಕೇಜಿನ ಫಾಗ್ ಲ್ಯಾಂಪಿನಿಂದ ವೈರಿಂಗ್ ಕೆಟ್ಟರೆ ಅದು ಕಂಪನಿಯ ಸಾಮಾನು ಎಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಪ್ರತಿಯೊಂದು ವಸ್ತುವಿಗೂ ಬೇರೆ ಸಾಲು, ಪಾರ್ಟ್ ನಂಬರ್, ಬೆಲೆ, ಜಿಎಸ್‌ಟಿ ಬರೆಸಿ. ಕೆಲಸಕ್ಕೆ ಮುಂಚೆ ಡೀಲರಿಗೂ ಕಂಪನಿಯ ಕಸ್ಟಮರ್ ಕೇರಿಗೂ ಒಂದು ಇಮೇಲ್ ಹಾಕಿ: ಚಾಸಿ ನಂಬರ್, ಹಾಕಿಸಬೇಕೆಂದಿರುವ ವಸ್ತು, "ಇದರಿಂದ ಯಾವ ಭಾಗದ ವಾರಂಟಿಗೆ ತೊಂದರೆ, ದಯವಿಟ್ಟು ಬರಹದಲ್ಲಿ ತಿಳಿಸಿ" ಎಂಬ ಒಂದು ಪ್ರಶ್ನೆ. ಉತ್ತರ ಬರದಿದ್ದರೂ ನೀವು ಮುಚ್ಚುಮರೆ ಮಾಡಿಲ್ಲ ಎಂಬುದಕ್ಕೆ ಆ ಇಮೇಲ್ ದಾಖಲೆ. ಬಾಯಿಮಾತಿನ ಭರವಸೆ ಕೊಟ್ಟ ಸೇಲ್ಸ್‌ನವರು ಆರು ತಿಂಗಳ ಮೇಲೆ ಅಲ್ಲಿ ಇರುತ್ತಾರೋ ಇಲ್ಲವೋ.

5. ಕಾನೂನು ಒಪ್ಪುತ್ತದೆಯೇ ನೋಡಿಕೊಳ್ಳಿ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಕೂಡದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಮಿನಲ್ಲಿ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಇದೆ. ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಗಾಜಿನಲ್ಲಿ ಬೆಳಕು ಹಾಯುವ ಪ್ರಮಾಣ ಮುಂದೆ ಹಿಂದೆ ಕನಿಷ್ಠ 70%, ಪಕ್ಕದಲ್ಲಿ 50% ಇರಬೇಕು. ಬಣ್ಣ ಬದಲಿಸಿದರೆ ಆರ್‌ಟಿಒದಲ್ಲಿ ದಾಖಲಿಸಬೇಕು. ಕಾನೂನು ಒಪ್ಪದ ಫಿಟಿಂಗ್ ಇರುವ ಗಾಡಿಯನ್ನು ಮುಂದಿಟ್ಟುಕೊಂಡು ವಾರಂಟಿಗೆ ಜಗಳಕ್ಕೆ ನಿಂತರೆ ನಿಮ್ಮ ಪಕ್ಷ ಅಲ್ಲೇ ದುರ್ಬಲವಾಗುತ್ತದೆ.

6. ಫಿಟಿಂಗ್ ದಿನ

ಕೆಲಸ ಶುರುವಾಗುವ ಮೊದಲು ಬಿಚ್ಚಿದ ಜಾಗದ ಫೋಟೊ, ಮುಗಿದ ಮೇಲೆ ಇನ್ನೊಂದು, ಓಡೋಮೀಟರ್ ಓದಿನ ಫೋಟೊ. ಬಿಚ್ಚಿದ ಮೂಲ ಬಲ್ಬ್, ಸ್ಟೀರಿಯೊ, ಕ್ಲಿಪ್ಪುಗಳನ್ನು ಅಂಗಡಿಯಲ್ಲಿ ಬಿಟ್ಟುಬರಬೇಡಿ. ಬಾಡಿಗೆ ತೂತು ಕೊರೆಯದಂತೆ ನಿಂತು ನೋಡಿಕೊಳ್ಳಿ; ಕೊರೆದ ಅಂಚಿನಿಂದ ತುಕ್ಕು ಶುರುವಾದರೆ ಪೇಂಟ್ ಮತ್ತು ತುಕ್ಕಿನ ಕ್ಲೇಮ್ ಮುಗಿದಂತೆ. ಕರಾವಳಿ, ಮಲೆನಾಡಿನವರು ತಳಕ್ಕೆ ಆ್ಯಂಟಿ-ರಸ್ಟ್ ಬಳಿಸುವಾಗ ಬಾಗಿಲಿನ ಕೆಳಗಿನ ಮತ್ತು ತಳದ ನೀರಿಳಿಯುವ ರಂಧ್ರಗಳು ಮುಚ್ಚಿಹೋಗಿಲ್ಲವೇ ಎಂದು ಬೆರಳಿಟ್ಟು ನೋಡಿ. ಅವು ಮುಚ್ಚಿದರೆ ಮಳೆನೀರು ಒಳಗೇ ನಿಂತು, ತಡೆಯಬೇಕಾದ ತುಕ್ಕೇ ಬೇಗ ಹಿಡಿಯುತ್ತದೆ.

ಹಾಕಿಸಿದ ವಾರದೊಳಗೆ ವಿಮೆ ಕಂಪನಿಗೆ ತಿಳಿಸಿ. ವಿದ್ಯುತ್ ಉಪಕರಣಗಳನ್ನು ಪಾಲಿಸಿಗೆ ಸೇರಿಸಲು ಸಾಮಾನ್ಯವಾಗಿ ಅವುಗಳ ಬೆಲೆಯ 4% ಹೆಚ್ಚುವರಿ ಪ್ರೀಮಿಯಂ. 30,000 ರೂಪಾಯಿಯ ಸಿಸ್ಟಮ್ಮಿಗೆ 1,200, ಮೇಲೆ ತೆರಿಗೆ. ತಿಳಿಸದೆ ಬಿಟ್ಟರೆ ವೈರಿಂಗ್ ಬೆಂಕಿಯ ಸಂದರ್ಭದಲ್ಲಿ ವಾರಂಟಿಯವರೂ ವಿಮೆಯವರೂ ಒಟ್ಟಿಗೆ ಕೈ ಎತ್ತಬಹುದು.

7. ಕ್ಲೇಮ್ ತಿರಸ್ಕರಿಸಿದರೆ

ಗಾಡಿ ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ: ಏನಾಗುತ್ತಿದೆ, ಯಾವಾಗಿನಿಂದ, ಎಷ್ಟು ಕಿ.ಮೀ. ಓಡಿದೆ. ಹೊರಗಿನ ಫಿಟಿಂಗ್ ಇದ್ದರೆ ಅದನ್ನೂ ಬರೆಸಿ. ಹಿಂದಿನ ರಾತ್ರಿ ಕಿತ್ತು ಬಚ್ಚಿಟ್ಟರೆ ಟೇಪಿನ ಅಂಟು, ಹೊಸ ಗೀರು ನೋಡಿ ಅನುಭವಿ ಮೆಕ್ಯಾನಿಕ್ ಕಂಡುಹಿಡಿಯುತ್ತಾರೆ. ಆಮೇಲೆ ನಿಮ್ಮ ನಿಜವನ್ನೂ ಯಾರೂ ನಂಬುವುದಿಲ್ಲ.

"ವಾರಂಟಿ ಬರಲ್ಲ" ಎಂದು ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ಮೂರು ಪ್ರಶ್ನೆಗೆ ಬರಹದ ಉತ್ತರ ಕೇಳಿ: ಯಾವ ಭಾಗ ಕೆಟ್ಟಿದೆ, ಪುಸ್ತಕದ ಯಾವ ಷರತ್ತಿನಡಿ ತಿರಸ್ಕಾರ, ಮತ್ತು ನನ್ನ ಫಿಟಿಂಗ್ ಈ ಭಾಗವನ್ನು ಹೇಗೆ ಕೆಡಿಸಿತು. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದಾಗ ಅನೇಕ ಕ್ಲೇಮುಗಳು ಮತ್ತೆ ಪರಿಶೀಲನೆಗೆ ಹೋಗುತ್ತವೆ. ಸ್ಕ್ಯಾನರ್ ತೋರಿಸಿದ ದೋಷ ಸಂಕೇತಗಳ ಪ್ರಿಂಟ್ ಕೇಳಿ ಪಡೆಯಿರಿ.

ಗಾಡಿ ತುರ್ತಾಗಿ ಬೇಕು, ಹಣ ಕೊಟ್ಟೇ ರಿಪೇರಿ ಮಾಡಿಸಬೇಕು ಎನ್ನುವ ಸ್ಥಿತಿ ಬಂದರೆ, "ನನ್ನ ಆಕ್ಷೇಪ ಕಾಯ್ದಿರಿಸಿಕೊಂಡು ಪಾವತಿಸುತ್ತಿದ್ದೇನೆ, ಕೆಟ್ಟ ಭಾಗ ನನಗೆ ವಾಪಸ್ ಬೇಕು" ಎಂದು ಇಮೇಲ್ ಹಾಕಿ ಆಮೇಲೆ ಪಾವತಿಸಿ.

ಸರ್ವೀಸ್ ಮ್ಯಾನೇಜರ್, ನಂತರ ಕಂಪನಿಯ ಕಸ್ಟಮರ್ ಕೇರ್. ಅಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ. ಅದಾದ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲೆಯಲ್ಲೇ ಕೇಸು, ಅದೂ ನೀವು ವಾಸಿಸುವ ಜಿಲ್ಲೆಯಲ್ಲಿ. ಕಾರು ಹುಬ್ಬಳ್ಳಿಯಲ್ಲಿ ಕೊಂಡು ನೀವು ಶಿವಮೊಗ್ಗದಲ್ಲಿದ್ದರೆ ಶಿವಮೊಗ್ಗದಲ್ಲೇ ಹಾಕಬಹುದು. ಶುಲ್ಕ ಬೆಲೆಗೆ ತಕ್ಕಂತೆ: 5ರಿಂದ 10 ಲಕ್ಷಕ್ಕೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ಇ-ಜಾಗೃತಿ ಪೋರ್ಟಲ್ಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಇಮೇಲ್ ಓಡಾಟದಲ್ಲೇ ಈ ಅವಧಿ ಕಳೆದುಹೋಗದಂತೆ ನೋಡಿಕೊಳ್ಳಿ.

ದೋಷವನ್ನು ಪರೀಕ್ಷೆ ಮಾಡದೆ ನಿರ್ಧರಿಸಲಾಗದು ಎನ್ನಿಸಿದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, 2019ರ ಕಾಯ್ದೆಯ 38ನೇ ಕಲಮಿನಲ್ಲಿ ಅದಕ್ಕೆ ಅವಕಾಶವಿದೆ. ಹಾಗಾಗಿ ವಾಪಸ್ ಪಡೆದ ಸುಟ್ಟ ಕನೆಕ್ಟರ್, ಮುರಿದ ಬೇರಿಂಗ್ ಯಾವುದೇ ಇರಲಿ, ಒರೆಸದೆ, ತೊಳೆಯದೆ, ಹಾಗೇ ಒಂದು ಜಿಪ್ ಕವರಿಗೆ ಹಾಕಿ ಮೇಲೆ ದಿನಾಂಕ, ಕಿ.ಮೀ., ಜಾಬ್ ಕಾರ್ಡ್ ಸಂಖ್ಯೆ ಬರೆದು ಇಡಿ.